ಗಾಳಿಯಲ್ಲಿ ಬರೆಯುವ ಕೈ: ಮಗನ ಭುಜನೋವು, ಕಾಕಾರ ಎರಡಕ್ಷರ



ಕಳೆದ ಸಲ ಹೆಗಲು ಹಿಡಿದುಕೊಳ್ಳುವ ತೊಂದರೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿ ಹೈದರಾಬಾದಿನ ಒಬ್ಬ ತಾಯಿ ಹೀಗೆ ಕೇಳಿದರು: "ಮಗ ರಾತ್ರಿ ಊಟ ಆದಮೇಲೆ ಮುಖಕ್ಕೆ ದಪ್ಪ ಕನ್ನಡಕದಂಥದ್ದು ಕಟ್ಟಿಕೊಂಡು, ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಬೆರಳು ಆಡಿಸುತ್ತಾ ಕೂತಿರುತ್ತಾನೆ. ಏನೋ ಇದು ಅಂದರೆ 'ಟೈಪ್ ಮಾಡ್ತಿದೀನಿ ಅಮ್ಮ' ಅನ್ನುತ್ತಾನೆ. ಈಗ ಒಂದು ತಿಂಗಳಿಂದ ಬಲಭುಜ ನೋವು. ಎರಡಕ್ಕೂ ಸಂಬಂಧ ಇದೆಯಾ ಮೇಡಂ?"

ಇರುವ ಸಾಧ್ಯತೆ ಬಹಳ. ಇವತ್ತಿನ ಲೇಖನ ಅದರ ಬಗ್ಗೆಯೇ. ಆದರೆ ಗಾಳಿಯಲ್ಲಿ ಬರೆಯುವ ಕೈ ಎಂದರೆ ನನಗೆ ಮೊದಲು ನೆನಪಾಗುವುದು ಪುಣೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಮಲಗಿದ್ದ ನಮ್ಮ ಕಾಕಾ. ಅವರೂ ಗಾಳಿಯಲ್ಲೇ ಬರೆಯುತ್ತಿದ್ದರು. ಎರಡು ದಿನ ಅದನ್ನು ಯಾರೂ ಓದಲಿಲ್ಲ. ಇಪ್ಪತ್ತು ವರ್ಷದಿಂದ ಡೊಂಬಿವಿಲಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನಾನೂ ಓದಲಿಲ್ಲ. ಆ ಮಾತು ಆಮೇಲೆ ಹೇಳುತ್ತೇನೆ; ಅದು ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಬೇಕಾದದ್ದು. ಮೊದಲು ಮಗನ ಭುಜ.

*ಅವನು ಮಾಡುತ್ತಿರುವುದೇನು?*

ಆ ಕನ್ನಡಕದಂಥ ಸಾಧನಕ್ಕೆ ಹೆಡ್‌ಸೆಟ್ ಅನ್ನುತ್ತಾರೆ. ಹಾಕಿಕೊಂಡವರ ಕಣ್ಣಿಗೆ ಎದುರಿನ ಗಾಳಿಯಲ್ಲಿ ಒಂದು ಕೀಲಿಮಣೆ ತೂಗುತ್ತಿರುವ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಕೂತ ನಮಗೆ ಏನೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ನಿಜವಾಗಿ ಏನೂ ಇಲ್ಲ. ಹೆಡ್‌ಸೆಟ್‌ನ ಕ್ಯಾಮೆರಾಗಳು ಬೆರಳುಗಳನ್ನು ಹಿಂಬಾಲಿಸುತ್ತವೆ. ಅಕ್ಷರವನ್ನು ಬೆರಳಿನಿಂದ ಚುಚ್ಚಬಹುದು, ಇಲ್ಲವೇ ಅಕ್ಷರದ ಕಡೆ ನೋಡಿ ಹೆಬ್ಬೆರಳು-ತೋರುಬೆರಳು ಚಿವುಟಿದರೆ ಸಾಕು. ಮೊಬೈಲಿನಲ್ಲಿ ಅಕ್ಷರದಿಂದ ಅಕ್ಷರಕ್ಕೆ ಬೆರಳು ಎಳೆದು ಪದ ಬರೆಯುತ್ತೇವಲ್ಲ, ಅದನ್ನೂ ಗಾಳಿಯಲ್ಲಿ ಮಾಡಿಸಿ ನೋಡಿದ್ದಾರೆ.

ಇದು ತೀರಾ ಹೊಸದೇನಲ್ಲ. 2010ರಲ್ಲಿ ಬಂದ ಕೈನೆಕ್ಟ್ ಎಂಬ ಆಟದ ಸಾಧನ, 2013ರ ಲೀಪ್ ಮೋಷನ್, ಇವೆಲ್ಲ ಗಾಳಿಯಲ್ಲಾಡುವ ಕೈಯನ್ನೇ ನೋಡುತ್ತಿದ್ದವು. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಆಪಲ್ ಕಂಪನಿಯ ವಿಷನ್ ಪ್ರೊ ಮಾರಾಟಕ್ಕೆ ಬಂದ ಮೇಲೆ ಮಾತು ಜೋರಾಯಿತು. ನಮ್ಮ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಮೆಟಾ ಕಂಪನಿಯ ಕ್ವೆಸ್ಟ್.

ವೇಗ ಎಷ್ಟು? ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಗಾಳಿಯಲ್ಲಿ ಎಳೆದು ಬರೆಯುವ ಕೀಲಿಮಣೆಯೊಂದನ್ನು ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ಸಲ ಕೂರಿಸಿ ಅಭ್ಯಾಸ ಮಾಡಿಸಿದಾಗ ಸಿಕ್ಕಿದ್ದು ನಿಮಿಷಕ್ಕೆ ಸುಮಾರು 20 ಪದ. ಕೆಲವೇ ವಾಕ್ಯಗಳನ್ನು ಮತ್ತೆ ಮತ್ತೆ ಬರೆಸಿ ಪಳಗಿಸಿದಾಗ 28. ಗಾಜನ್ನು ಮುಟ್ಟಿ ಬರೆಯುವ ವೇಗದ ಶೇಕಡಾ 59 ಮಾತ್ರ. ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ "ಲಕ್ಷ್ಮಿ" ಎಂದು ಬರೆಯಲು ಕಾಗದದ ಮೇಲೆ ಎರಡಕ್ಷರ. ಕೀಲಿಮಣೆಯಲ್ಲಿ ಸಾಮಾನ್ಯವಾಗಿ ಏಳು ಸಲ ಒತ್ತಬೇಕು. ಗಾಳಿಯಲ್ಲಿ ಆ ಏಳೂ ಸಲ ಒತ್ತುವಷ್ಟು ಹೊತ್ತು ಕೈ ಮೇಲೆಯೇ ಇರಬೇಕು. ತೊಂದರೆ ಇರುವುದು ಇಲ್ಲೇ.

*ಹೆಗಲು ಏಕೆ ಸೋಲುತ್ತದೆ?*

ಒಂದು ಇಡೀ ತೋಳಿನ ತೂಕ ದೇಹದ ತೂಕದ ನೂರಕ್ಕೆ ಸುಮಾರು 5 ಪಾಲು. 60 ಕಿಲೋ ಇರುವವರ ಒಂದು ಕೈ 3 ಕಿಲೋ. ದಿನವಿಡೀ ಅದನ್ನು ಹೊತ್ತುಕೊಂಡೇ ತಿರುಗುತ್ತೇವೆ, ಗೊತ್ತಾಗುವುದಿಲ್ಲ, ಏಕೆಂದರೆ ಅದು ಪಕ್ಕದಲ್ಲಿ ಇಳಿಬಿದ್ದಿರುತ್ತದೆ. ಮುಂದಕ್ಕೆ ಚಾಚಿದ ಕೂಡಲೇ ಲೆಕ್ಕ ಬೇರೆ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಮಾರು ದೂರ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊಣಕೈ ಮಡಿಸಿದರೆ ಅದೇ ಕೈ ಹೆಗಲಿಗೆ ಹಗುರ.

ಮುಂಬೈಯವರಿಗೆ ಬೇರೆ ಉದಾಹರಣೆ. ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿ ಹಿಡಿದು ವಿರಾರಿನಿಂದ ಚರ್ಚ್‌ಗೇಟಿನವರೆಗೆ ನಿಲ್ಲುತ್ತೀರಿ. ಕೈ ಮೇಲಿದ್ದರೂ ಹಿಡಿಗೆ ಜೋತುಬಿದ್ದಿರುತ್ತದೆ. ಈಗ ಹಿಡಿ ತೆಗೆದುಬಿಡಿ, ಕೈ ಮಾತ್ರ ಅಲ್ಲೇ ಇರಲಿ. ಅಂಧೇರಿಯವರೆಗಾದರೂ ತಾಳೀತೇ? ಗಾಳಿಯಲ್ಲಿ ಟೈಪ್ ಮಾಡುವುದು ಹಿಡಿ ಇಲ್ಲದ ಲೋಕಲ್ ಪ್ರಯಾಣ.

ಒಳಗೆ ಆಗುವುದು ಇಷ್ಟು. ನಡೆಯುವಾಗ, ರೊಟ್ಟಿ ತಟ್ಟುವಾಗ, ಸ್ನಾಯು ಬಿಗಿಯುತ್ತದೆ, ಸಡಿಲಾಗುತ್ತದೆ. ಪ್ರತಿ ಸಡಿಲಿಕೆಯಲ್ಲೂ ಹೊಸ ರಕ್ತ ಬರುತ್ತದೆ. ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲಿಸಿದಾಗ ಬಿಗಿದ ಸ್ನಾಯು ತನ್ನ ರಕ್ತನಾಳಗಳನ್ನು ತಾನೇ ಒತ್ತಿಕೊಳ್ಳುತ್ತದೆ. ಜರ್ಮನಿಯ ರೋಮರ್ಟ್ ಎಂಬ ವಿಜ್ಞಾನಿ 1960ರಲ್ಲಿ ಇದರ ಲೆಕ್ಕ ಕೊಟ್ಟಿದ್ದರು: ಸ್ನಾಯುವಿನ ಗರಿಷ್ಠ ಶಕ್ತಿಯ ಸುಮಾರು ಶೇಕಡಾ 15ಕ್ಕಿಂತ ಕಡಿಮೆ ಬಳಸಿದರೆ ಬಹಳ ಹೊತ್ತು ಹಿಡಿಯಬಹುದು, ಅದನ್ನು ಮೀರಿದಷ್ಟೂ ತಾಳುವ ಸಮಯ ಬೇಗ ಬೇಗ ಇಳಿಯುತ್ತದೆ. ಆ 15 ಕೂಡ ಉದಾರವಾಯಿತು ಎಂದು ಆಮೇಲಿನವರು ಹೇಳಿದ್ದಾರೆ.

ಇದರ ಜೊತೆಗೆ ಇನ್ನೊಂದು. ಮೇಜಿನ ಮೇಲಿನ ಕೀಲಿ ಬೆರಳನ್ನು ತಡೆದು ನಿಲ್ಲಿಸುತ್ತದೆ, ಮೊಬೈಲಿನ ಗಾಜೂ ತಡೆಯುತ್ತದೆ. ಗಾಳಿಗೆ ಆ ಗುಣವಿಲ್ಲ. ಬೆರಳನ್ನು ಮುಂದೆ ತಳ್ಳುವುದೂ ಸ್ನಾಯುವೇ, ನಿಲ್ಲಿಸುವುದೂ ಸ್ನಾಯುವೇ. ಒತ್ತಿತೋ ಇಲ್ಲವೋ ಎಂಬ ಅನುಮಾನಕ್ಕೆ ಕೈ ಇನ್ನಷ್ಟು ಬಿಗಿಯಾಗುತ್ತದೆ. ಹೊಸದಾಗಿ ಸ್ಕೂಟರ್ ಕಲಿಯುವವರು ಹ್ಯಾಂಡಲ್ ಹಿಡಿಯುವಂತೆ!

ಕಂಪ್ಯೂಟರ್ ಜನ ಇದಕ್ಕೆ "ಗೊರಿಲ್ಲಾ ತೋಳು" ಎಂದು ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ. ಎದುರಿಗೆ ನಿಲ್ಲಿಸಿದ ಪರದೆಯನ್ನು ಮುಟ್ಟಿ ಮುಟ್ಟಿ ಕೆಲಸ ಮಾಡಿದರೆ ಕೈ ಗೊರಿಲ್ಲಾದ ಕೈಯಂತೆ ಭಾರವಾಗಿ ಜೋಲುತ್ತದೆ ಎಂದು. ಸ್ಟೀವ್ ಜಾಬ್ಸ್ 2010ರಲ್ಲಿ ಇದೇ ಕಾರಣ ಹೇಳಿ, ಮುಟ್ಟುವ ಪರದೆ ನೆಟ್ಟಗೆ ನಿಂತಿರುವುದು ಸರಿಹೋಗುವುದಿಲ್ಲ ಎಂದಿದ್ದರು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು 2014ರಲ್ಲಿ ಗಾಳಿಯಲ್ಲಾಡುವ ಕೈಯ ಆಯಾಸವನ್ನು ಅಳೆಯುವ ವಿಧಾನವನ್ನೇ ರೂಪಿಸಿದರು. ಅವರಿಗೆ ಕಂಡದ್ದು: ಮೊಣಕೈ ಮಡಿಸಿ, ಸೊಂಟಕ್ಕೂ ಹೆಗಲಿಗೂ ನಡುವಿನ ಎತ್ತರದಲ್ಲಿ ಕೈ ಆಡಿಸಿದಾಗ ಆಯಾಸ ಎಲ್ಲಕ್ಕಿಂತ ಕಡಿಮೆ. ನಮ್ಮ ಅಜ್ಜಿಯರು ಬೀಸುಕಲ್ಲು ತಿರುಗಿಸುತ್ತಿದ್ದದ್ದೂ ಹೆಗಲಿಗಿಂತ ಕೆಳಗೇ.

*ಮಗನಿಗೆ ಹೇಳಬೇಕಾದದ್ದು*

ಹೆಡ್‌ಸೆಟ್ ಎತ್ತಿಡು ಎಂದು ಜಗಳ ಮಾಡಬೇಡಿ, ಅವನ ಕೆಲಸವೇ ಅದಾಗಿರಬಹುದು. ಕೈಯಿರುವ ಕುರ್ಚಿ ಕೊಡಿ, ಇಲ್ಲವೇ ತೊಡೆಯ ಮೇಲೆ ದಿಂಬು ಇಟ್ಟು ಮೊಣಕೈ ಅದರ ಮೇಲಿರಲಿ. ಗಾಳಿಯಲ್ಲಿ ಕಾಣುವ ಆ ಕೀಲಿಮಣೆಯನ್ನು ಕೆಳಗೆ, ಹೊಟ್ಟೆಯ ಮಟ್ಟಕ್ಕೆ ಎಳೆದುಕೊಳ್ಳಬಹುದೇ ನೋಡಲಿ. ನೋಡಿ ಚಿವುಟುವ ವ್ಯವಸ್ಥೆ ಇದ್ದರೆ ಕೈ ಮಡಿಲಲ್ಲೇ ಇರಬಹುದು. ವಿಷನ್ ಪ್ರೊ ಮಾಡಿದವರು ಚಾಚಿದ ಕೈಯ ಕಷ್ಟ ತಿಳಿದೇ ಹಾಗೆ ಮಾಡಿದಂತಿದೆ. ಎರಡು ಸಾಲಿಗಿಂತ ಹೆಚ್ಚು ಬರೆಯುವುದಿದ್ದರೆ ಬ್ಲೂಟೂತ್ ಕೀಲಿಮಣೆ ಜೋಡಿಸಲಿ, ಇಲ್ಲವೇ ಮಾತಾಡಿ ಬರೆಸಲಿ. ನನ್ನ ರೋಗಿಗಳಿಗೆ ನಾನು ಹೇಳುವುದು, ಹತ್ತು ನಿಮಿಷಕ್ಕೊಮ್ಮೆ ಎರಡೂ ಕೈ ಇಳಿಬಿಟ್ಟು ಜೋಲಾಡಿಸಿ ಎಂದು. ಹೆಗಲಿಗೆ ರಕ್ತ ಬರಲು ಅಷ್ಟು ಸಾಕು.

ಕತ್ತನ್ನು ಮರೆಯಬೇಡಿ. ಕ್ವೆಸ್ಟ್ 3ರ ತೂಕ 515 ಗ್ರಾಂ, ವಿಷನ್ ಪ್ರೊ 600ಕ್ಕೂ ಹೆಚ್ಚು. ಆ ಭಾರವೆಲ್ಲ ಮುಖದ ಮುಂದೆ ನೇತಾಡುತ್ತದೆ. ಕತ್ತಿನ ಮೂಳೆ ಸವೆತ ಇರುವವರು ಅದನ್ನು ಹಾಕಿಕೊಂಡು ತಲೆ ಬಗ್ಗಿಸಿ ಕೂರುವುದು ಒಳ್ಳೆಯದಲ್ಲ. ಹೆಬ್ಬೆರಳಿನ ಬುಡ ನೋಯುವವರು, ಅಂದರೆ ಬಟ್ಟೆ ಹಿಂಡುವಾಗ, ಡಬ್ಬಿ ಮುಚ್ಚಳ ತಿರುಗಿಸುವಾಗ ಚುಳ್ ಎನ್ನುವವರು, ಚಿವುಟುವ ಟೈಪಿಂಗ್ ಮಿತಿಯಲ್ಲಿಡಲಿ. ಮಕ್ಕಳ ವಿಷಯದಲ್ಲಿ ಕಂಪನಿಗಳೇ ವಯಸ್ಸಿನ ಗಡಿ ಹಾಕಿವೆ: ಆಪಲ್ 13, ಮೆಟಾ ತಂದೆತಾಯಿಯ ಒಪ್ಪಿಗೆಯ ಖಾತೆಯಲ್ಲಿ 10. ಮೊಮ್ಮಗ ಹಟ ಮಾಡಿದರೆ ಡಬ್ಬದ ಮೇಲಿನದ್ದನ್ನು ತೋರಿಸಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. ಹೆಗಲು ಗಟ್ಟಿಯಾಗಿ ಹಿಡಿದುಕೊಳ್ಳುವುದು ಅವರಲ್ಲಿ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಗಾಳಿ ಟೈಪಿಂಗ್ ಅದನ್ನು ತರುತ್ತದೆ ಎಂದಲ್ಲ. ಆದರೆ ನೋವಿಗೆ "ಎಲ್ಲಾ ಆ ಹೆಡ್‌ಸೆಟ್ಟಿಂದ" ಎಂದು ತಿಂಗಳುಗಟ್ಟಲೆ ಸುಮ್ಮನಿದ್ದರೆ ಚಿಕಿತ್ಸೆಯ ಒಳ್ಳೆಯ ಸಮಯ ಕಳೆದುಹೋಗುತ್ತದೆ. ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ನಡುವೆ ಮಾತ್ರ ನೋವು ಬಂದು ಆಮೇಲೆ ಕಡಿಮೆಯಾದರೆ ಹೆಗಲಿನ ಮೂಳೆಯ ಕೆಳಗೆ ಹಾದುಹೋಗುವ ಸ್ನಾಯುವಿನ ತುದಿ ಉಜ್ಜುತ್ತಿರಬಹುದು. ಮೂರು ವಾರ ವಿಶ್ರಾಂತಿ ಕೊಟ್ಟರೂ ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಬೆರಳು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಭುಜದ ನೋವಿನ ಜೊತೆ ಎದೆ ಭಾರ, ಬೆವರು, ಉಸಿರು ಕಟ್ಟುವುದು ಇದ್ದರೆ ಅದು ಹೆಗಲಿನ ಮಾತೇ ಅಲ್ಲ, ತಕ್ಷಣ ಆಸ್ಪತ್ರೆಗೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದು ಸ್ನಾಯುಗಳ ಸಣ್ಣ ವಿದ್ಯುತ್ ಸಂಕೇತ ಓದಿ ಬೆರಳಿನ ಬರಹವನ್ನು ಗುರುತಿಸುತ್ತದೆ ಎಂದು ಮೆಟಾದವರು 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದಾರೆ, ನಿಮಿಷಕ್ಕೆ 20.9 ಪದ. ಅಲ್ಲಿ ಕೈ ಎತ್ತಬೇಕಿಲ್ಲ, ತೊಡೆಯ ಮೇಲೆ ಬೆರಳಾಡಿಸಿದರೂ ಆಯಿತು. ಬೆಲೆ ಇಳಿಯುವವರೆಗೆ ನಮ್ಮ ದಿಂಬು ಇದೆ.

*ಇನ್ನು ಕಾಕಾರ ಮಾತು*

ನಮ್ಮ ಕಾಕಾ ವಿಜಯಪುರದ ಕಡೆಯವರು, ಮಗನ ಮನೆಗೆಂದು ಪುಣೆಗೆ ಬಂದಿದ್ದರು. 74 ವರ್ಷ. ನ್ಯುಮೋನಿಯಾ ಜೋರಾಗಿ ವೆಂಟಿಲೇಟರ್ ಹಾಕಬೇಕಾಯಿತು. ಬಾಯಿಂದ ಹಾಕುವ ಆ ನಳಿಕೆ ಧ್ವನಿತಂತುಗಳ ನಡುವೆಯೇ ಹಾದುಹೋಗುವುದರಿಂದ, ಎಚ್ಚರ ಬಂದರೂ ಮಾತು ಹೊರಡುವುದಿಲ್ಲ. ಇದನ್ನು ಬಹಳ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ನೋಡಲು ಹೋಗಿ "ಯಾಕೆ ಮಾತಾಡ್ತಿಲ್ಲ" ಎಂದು ಗಾಬರಿಯಾಗುತ್ತಾರೆ.

ನಿದ್ದೆಯ ಔಷಧಿ ಕಡಿಮೆ ಮಾಡಿದ ದಿನದಿಂದ ಕಾಕಾ ಬಲಗೈ ಎತ್ತಿ ಗಾಳಿಯಲ್ಲಿ ಸುತ್ತು ಸುತ್ತು ತಿರುಗಿಸತೊಡಗಿದರು. ಸಿಸ್ಟರ್ ಮರಾಠಿಯವಳು, ಒಳ್ಳೆಯ ಹುಡುಗಿ. ನಳಿಕೆ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ ಎಂದು ಮಣಿಕಟ್ಟಿಗೆ ಮೆತ್ತನೆ ಪಟ್ಟಿ ಕಟ್ಟಿದಳು. ಅವಳ ತಪ್ಪಿಲ್ಲ. ಭೇಟಿಗೆ ಸಿಗುತ್ತಿದ್ದದ್ದು ಸಂಜೆ ಹದಿನೈದು ನಿಮಿಷ, ಒಬ್ಬರಿಗೆ. ನಾನು ಹಾಸಿಗೆಯ ಕಾಲ ಬುಡದಲ್ಲಿ ನಿಂತು ನೋಡಿ ಹೊರಗೆ ಬಂದು ತಮ್ಮನಿಗೆ ಹೇಳಿದೆ: "ಐಸಿಯುನಲ್ಲಿ ವಯಸ್ಸಾದವರಿಗೆ ಹೀಗೆ ಭ್ರಮೆ ಆಗುತ್ತೆ, ಗಾಳಿ ಹಿಡೀತಾರೆ. ಹೆದರಬೇಡ."

ಮೂರನೆಯ ದಿನ ಒಳಗೆ ಹೋದದ್ದು ಕಾಕು. ಕಾಕು ಓದಿದ್ದು ಮೂರನೆಯ ಇಯತ್ತೆ. ದಿಂಬು ಸರಿಮಾಡಲು ಕಾಕಾರ ತಲೆಯ ಪಕ್ಕ ಬಗ್ಗಿದವರು ಹಾಗೇ ನಿಂತು ಕೈಯನ್ನೇ ನೋಡಿದರಂತೆ. ಹೊರಗೆ ಬಂದು ಅಂದರು: "ಕಾಲು ಅಂತ ಬರ್ಯಾಕತ್ತಾರ. ನಿಮಗ್ಯಾರಿಗೂ ಕಾಣಲಿಲ್ಲೇನು?"

ವೈದ್ಯರು ಹೊದಿಕೆ ಸರಿಸಿ ನೋಡಿದಾಗ ಎಡಗಾಲಿನ ಮೀನಖಂಡ ಬಾತಿತ್ತು. ಡಾಪ್ಲರ್ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಅಂಥ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಏನಾಗುತ್ತದೆ ಎಂದು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ! ಔಷಧಿ ಶುರುವಾಯಿತು. ಕಾಕಾ ಉಳಿದರು, ಕೋಲು ಹಿಡಿದು ನಡೆಯುತ್ತಾರೆ. ಮಾತು ಬಂದ ಮೇಲೆ ನನಗೆ ಅಂದ ಮೊದಲ ಮಾತು: "ಏನ್ ಡಾಕ್ಟರಕಿ ಇದ್ದೀ ನೀ? ಎರಡಕ್ಷರ ಓದಾಕ ಬರೂದಿಲ್ಲ?"

*ನನಗೆ ಏಕೆ ಕಾಣಲಿಲ್ಲ?*

ಮೂರು ಕಾರಣ. ಒಂದು, ನಾನು ನಿಂತ ಜಾಗ. ಎದುರಿಗೆ ನಿಂತವರಿಗೆ ಗಾಳಿಯಲ್ಲಿ ಬರೆದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಕಾಣುತ್ತದೆ. ಕಾಕು ತಲೆಯ ಪಕ್ಕದಿಂದ, ಕಾಕಾ ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ ನೋಡಿದರು. ಎರಡು, ಗಾಳಿಯಲ್ಲಿ ಲೇಖನಿ ಎತ್ತುವುದು ಇಲ್ಲ. ಒಂದಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ಗೆರೆಯೂ ಬರಹದಂತೆಯೇ ಕಾಣುತ್ತದೆ. ತಲೆಕಟ್ಟು, ಕೊಂಬು, ಇಳಿ ಎಲ್ಲ ಬೆರೆತು ಸುತ್ತು ಸುತ್ತು ಆಗುತ್ತವೆ. ನಮ್ಮ ಲಿಪಿ ಮೊದಲೇ ಗುಂಡಗಿನದು. ಮೂರು, ಸೋತ ಹೆಗಲು. ಐಸಿಯುನಲ್ಲಿ ಕೆಲವೇ ದಿನ ಮಲಗಿದರೂ ಸ್ನಾಯು ಬಹಳ ಬೇಗ ಕರಗುತ್ತದೆ. ಮೂರು ಕಿಲೋ ಕೈ ಎತ್ತಿ ಎರಡಕ್ಷರ ಬರೆಯುವಷ್ಟರಲ್ಲಿ ಕೈ ನಡುಗಿ ಬೀಳುತ್ತದೆ, ಅಕ್ಷರ ಹಾಳಾಗುತ್ತದೆ. ಹೈದರಾಬಾದಿನ ಹುಡುಗನ ಕಷ್ಟವೇ ಇದು, ಹತ್ತು ಪಟ್ಟು ಹೆಚ್ಚಾಗಿ.

ಕಾಕುವನ್ನು ಕೇಳಿದೆ, ನಿಮಗೆ ಹೇಗೆ ಕಂಡಿತು ಎಂದು. "ಸಾಲ್ಯಾಗ ಮಾಸ್ತರು ಪಾಟಿ ಕೊಡೂಕಿಂತ ಮೊದಲ ಗಾಳ್ಯಾಗ ಬರಸ್ತಿದ್ರು" ಅಂದರು. ನಮ್ಮಲ್ಲಿ ಎಷ್ಟೋ ಜನ ಹಾಗೇ ಕಲಿತದ್ದು, ನೆನಪಿಲ್ಲವೇ? ಇಡೀ ತರಗತಿ ತೋರುಬೆರಳೆತ್ತಿ ಗಾಳಿಯಲ್ಲಿ ಅ ಬರೆಯುವುದು. ಬರಹ ಬೆರಳಿಗಿಂತ ಆಳದಲ್ಲಿ ಕೂತಿರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2021ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಳಿಂದ ಕೈ ಆಡದಿದ್ದ ಒಬ್ಬರು ಮನಸ್ಸಿನಲ್ಲೇ ಬರೆಯುವಂತೆ ಯೋಚಿಸಿದರೆ ಸಾಕು, ಮಿದುಳಿಗೆ ಜೋಡಿಸಿದ ಸಾಧನ ಅದನ್ನು ನಿಮಿಷಕ್ಕೆ 90 ಅಕ್ಷರದ ವೇಗದಲ್ಲಿ ಪರದೆಗೆ ತಂದಿತು. ಕೈ ಹೋದರೂ ಬರವಣಿಗೆ ಹೋಗಿರಲಿಲ್ಲ.

*ಹಾಸಿಗೆಯ ಪಕ್ಕ ನಿಂತಾಗ*

ಮೊದಲು ಸಿಸ್ಟರಿಗೆ ಹೇಳಿ: ಇವರು ಕನ್ನಡದಲ್ಲಿ ಬರೆಯುತ್ತಾರೆ. ಕಾಕಾಗೆ ಮರಾಠಿ ಮಾತು ಚೆನ್ನಾಗಿ ಬರುತ್ತದೆ, ಬರವಣಿಗೆ ಕನ್ನಡ ಮಾತ್ರ. ಪುಣೆಯಲ್ಲಿ, ಚೆನ್ನೈಯಲ್ಲಿ, ದಿಲ್ಲಿಯಲ್ಲಿ ಇದು ಯಾರಿಗೆ ಹೊಳೆಯಬೇಕು? ಹೈದರಾಬಾದಿನಲ್ಲಿ ಮಾತ್ರ ಸ್ವಲ್ಪ ಅನುಕೂಲ, ತೆಲುಗು ಲಿಪಿ ನಮ್ಮದಕ್ಕೆ ತೀರ ಹತ್ತಿರ. ಕಾಕಾರ ಮೊಮ್ಮಗಳು ಪಕ್ಕದಲ್ಲಿದ್ದರೂ ಓದಲಾರಳು. ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ನಮ್ಮ ಎಷ್ಟು ಮನೆಗಳಲ್ಲಿ ಹೀಗಿಲ್ಲ?

ತಲೆಯ ಪಕ್ಕ ನಿಂತು, ಅವರು ನೋಡುವ ದಿಕ್ಕಿಗೇ ನೋಡಿ. ಮೊಣಕೈ ಕೆಳಗೆ ದಿಂಬು ಅಥವಾ ಮಡಿಸಿದ ಟವೆಲ್ ಇಡಿ. ಕೈಪಟ್ಟಿ ಕಟ್ಟಿದ್ದರೆ ನೀವೇ ಬಿಚ್ಚಬೇಡಿ. ನೀವಿರುವಷ್ಟು ಹೊತ್ತು ಬಿಚ್ಚಬಹುದೇ ಎಂದು ಕೇಳಿ, ಬಿಚ್ಚಿದರೆ ಆ ಕೈಯ ಮೇಲೆ ಕಣ್ಣಿರಲಿ. ಆಕ್ಸಿಜನ್ ಅಳೆಯುವ ಕ್ಲಿಪ್ ಬರೆಯುವ ಬೆರಳಿಗೇ ಹಾಕಿರುತ್ತಾರೆ, ಬೇರೆ ಬೆರಳಿಗೆ ಹಾಕಬಹುದೇ ಕೇಳಿ. ಅವರ ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲಿ ಬಿಟ್ಟಿದ್ದರೆ ತಂದುಕೊಡಿ. ಲಕ್ವ ಹೊಡೆದ ಕೈಯನ್ನು ಯಾವತ್ತೂ ಹಿಡಿದೆಳೆಯಬೇಡಿ, ಹೆಗಲಿನ ಕೀಲು ಜಾರುತ್ತದೆ. ಇನ್ನೊಂದು ಕೈ ಬಳಸಲಿ.

ಆಮೇಲೆ ನಿಮ್ಮ ಅಂಗೈ ಚಾಚಿ. ಗಾಳಿಗಿಂತ ಅಂಗೈ ವಾಸಿ. ಅವರ ಬೆರಳಿಗೆ ತಡೆ ಸಿಗುತ್ತದೆ, ನಿಮಗೆ ಗೆರೆ ಚರ್ಮದಲ್ಲೇ ಗೊತ್ತಾಗುತ್ತದೆ. ಒಂದಕ್ಷರ ಮುಗಿದ ಕೂಡಲೇ ಗಟ್ಟಿಯಾಗಿ ಹೇಳಿ, "ಕ?" ಎಂದು. ಹೌದಾದರೆ ಕಣ್ಣು ಮುಚ್ಚಲಿ. ಒತ್ತು, ಗುಣಿತ ಬೇಡ, ಬರೀ ಮೂಲಾಕ್ಷರ ಸಾಕು. ಪ, ಫ, ಷ ಮೂರೂ ಒಂದೇ ಥರ ಕಾಣುತ್ತವೆ, ಬೇಸರಿಸದೆ ಮೂರನ್ನೂ ಕೇಳಿ.

ಭ್ರಮೆಯೋ ಬರಹವೋ ಹೇಗೆ ತಿಳಿಯುವುದು? ನಾನು ಹೇಳಿದ ಭ್ರಮೆಯೂ ಸುಳ್ಳಲ್ಲ, ಹಾಸಿಗೆ ಕೆರೆಯುವುದು, ಗಾಳಿ ಹಿಡಿಯುವುದು ನಿಜವಾಗಿಯೂ ಆಗುತ್ತದೆ. ಆದರೆ ಬರೆಯುವವರು ಅದೇ ಆಕಾರವನ್ನು ಮತ್ತೆ ಮತ್ತೆ ಮಾಡುತ್ತಾರೆ, ನಡುವೆ ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ, ನೀವು ತಪ್ಪು ಹೇಳಿದರೆ ಹುಬ್ಬು ಗಂಟಿಕ್ಕುತ್ತಾರೆ. ಅನುಮಾನವಿದ್ದರೆ ಬರಹವೆಂದೇ ಹಿಡಿದು ಒಮ್ಮೆ ಅಂಗೈ ಕೊಟ್ಟು ನೋಡಿ. ಐದು ನಿಮಿಷ ಹೋದೀತು ಅಷ್ಟೇ. ಪಾರ್ಶ್ವವಾಯುವಿನಿಂದ ಭಾಷೆಯೇ ಅಳಿಸಿಹೋದವರಿಗೆ ಬರವಣಿಗೆಯೂ ಸಾಮಾನ್ಯವಾಗಿ ಕಷ್ಟ. ಅವರಿಗೆ ಚಿತ್ರ ತೋರಿಸಬೇಕು. ಮತ್ತೆ, "ನೀರು" ಎಂದು ಬರೆದರೆ ನೀವಾಗಿ ನೀರು ಹಾಕಬೇಡಿ, ಸಿಸ್ಟರಿಗೆ ಹೇಳಿ. ತುಟಿ ಒದ್ದೆ ಮಾಡಲು ಅವರಲ್ಲಿ ವ್ಯವಸ್ಥೆ ಇರುತ್ತದೆ.

*ಕೈಯೇ ಏಳದಿದ್ದರೆ ವರ್ಣಮಾಲೆ*

ನಮ್ಮ 49 ಅಕ್ಷರಗಳ ಜೋಡಣೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಒಂದು ರಟ್ಟಿನ ಮೇಲೆ ಏಳು ಸಾಲು ಬರೆಯಿರಿ: ಸ್ವರಗಳದೊಂದು, ಕ, ಚ, ಟ, ತ, ಪ ಸಾಲುಗಳು ಐದು, ಯ ದಿಂದ ಳ ವರೆಗೆ ಒಂದು. ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾ ಹೋಗಿ: ಸ್ವರವಾ? ಕ ಸಾಲಾ? ಚ ಸಾಲಾ? ಕಣ್ಣು ಮುಚ್ಚಿದಲ್ಲಿ ನಿಂತು, ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ. ಕಾಕಾರ ಮಾತು ತೆಗೆದುಕೊಳ್ಳಿ. ಸ್ವರವಾ? ಇಲ್ಲ. ಕ ಸಾಲಾ? ಹೌದು. ಕ? ಹೌದು. ಎರಡನೆಯ ಅಕ್ಷರಕ್ಕೆ ಏಳನೆಯ ಸಾಲಿನವರೆಗೆ ಬಂದು, ಯ? ರ? ಲ? ಹೌದು. ಕ, ಲ. "ಕಾಲಾ?" ಒಟ್ಟು 13 ಪ್ರಶ್ನೆ, ಮೇಲೊಂದು ಊಹೆ. ನಾನು ಎರಡು ದಿನ ಕಳೆದದ್ದು ಇಷ್ಟಕ್ಕೆ.

ಪ್ರತಿ ಕನ್ನಡ ಅಕ್ಷರದ ಕೆಳಗೆ ಊರಿನ ಲಿಪಿಯಲ್ಲೂ ಬರೆದರೆ ಸಿಸ್ಟರೂ, ಕನ್ನಡ ಓದಲು ಬಾರದ ಮೊಮ್ಮಕ್ಕಳೂ ಕೇಳಬಹುದು. ದೇವನಾಗರಿಗೂ ತೆಲುಗಿಗೂ ಸಾಲುಗಳು ಹಾಗೇ ಹೊಂದುತ್ತವೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಾದ್ದರಿಂದ ಚೆನ್ನೈಯವರು ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆಯುವುದು ಸುಲಭ. ರಟ್ಟಿನ ಮೇಲ್ಭಾಗದಲ್ಲಿ ಒಂದು ಮನುಷ್ಯನ ಚಿತ್ರ, ಎಲ್ಲಿ ನೋವು ಎಂದು ತೋರಿಸಲು. ಪಕ್ಕದಲ್ಲಿ ನೋವು, ಉಸಿರು, ಕಫ, ಚಳಿ, ಸೆಕೆ, ಮೂತ್ರ, ಭಯ. "ಮನೆಗೆ ಯಾವಾಗ" ಎಂಬುದನ್ನು ಬಿಡಬೇಡಿ, ಕಾಕಾ ಆಮೇಲೆ ಅತಿ ಹೆಚ್ಚು ಕೇಳಿದ್ದು ಅದನ್ನೇ.

ಇದನ್ನು ಆರೋಗ್ಯವಾಗಿರುವಾಗಲೇ ಮಾಡಿಟ್ಟು, ಮನೆಯಲ್ಲಿ ಒಂದು ಸಂಜೆ ಆಟದ ಹಾಗೆ ಆಡಿ. ಅಜ್ಜ ಬಾಯಿ ಮುಚ್ಚಿ ಮನಸ್ಸಿನಲ್ಲಿ ಒಂದು ಪದ ನೆನೆಯಲಿ, ಮೊಮ್ಮಕ್ಕಳು ಹುಡುಕಲಿ. ನಮ್ಮಲ್ಲಿ ಮೊಮ್ಮಗಳು ಕಾಕಾರ ಕೈಲಿ ಮೊದಲ ಸಲ ಹೇಳಿಸಿದ ಪದ "ಚಕ್ಕುಲಿ". ಅವಳಿಗೀಗ ಕ ಸಾಲು, ಚ ಸಾಲು ಎರಡೂ ಓದಲು ಬರುತ್ತವೆ.

ಆ ರಟ್ಟು ತಮ್ಮನ ಮನೆಯಲ್ಲಿ ಮೆಡಿಕ್ಲೇಮ್ ಕಾಗದ, ಆಧಾರ್ ಜೆರಾಕ್ಸ್ ಇರುವ ಫೈಲಿನಲ್ಲೇ ಇದೆ. ಹೋದ ತಿಂಗಳು ತೆಗೆದು ನೋಡಿದರೆ ಹಿಂಬದಿಯಲ್ಲಿ ಕಾಕು ಹಾಲಿನ ಲೆಕ್ಕ ಬರೆದಿದ್ದರು.